ಘಟ್ಟದ ದಾರಿಯಲ್ಲಿ ಇಬ್ಬರು: ಕನ್ನಡ ಪ್ರವಾಸ ಕಥನದ ‘ನಾವು’ ಕುರಿತು ಕೆಲವು ಟಿಪ್ಪಣಿಗಳು

1

ಮಂಗಳೂರಿನಿಂದ ಘಟ್ಟ ಹತ್ತುವುದಕ್ಕೆ ಹಲವು ದಾರಿಗಳಿವೆ. ಉಪ್ಪಿನಂಗಡಿ, ಗುಂಡ್ಯಗಳ ಮೂಲಕ ಸಕಲೇಶಪುರಕ್ಕೆ ಏರುವ ಶಿರಾಡಿ, ಬೆಳ್ತಂಗಡಿ, ಉಜಿರೆಗಳನ್ನು ದಾಟಿ ಕೊಟ್ಟಿಗೆಹಾರವನ್ನು ತಲುಪುವ ಚಾರ್ಮಾಡಿ, ಪುತ್ತೂರು, ಸುಳ್ಯಗಳ ಮೇಲಿನಿಂದ ಮಡಿಕೇರಿಗೆ ಹೋಗುವ ಸಂಪಾಜೆ, ತುಸು ಉತ್ತರಕ್ಕೆ ಸರಿದರೆ ಹೆಬ್ರಿ, ಸೋಮೇಶ್ವರಗಳಿಂದ ತೀರ್ಥಹಳ್ಳಿಯ ಕಡೆಗೆ ತಿರುಗುವ ಆಗುಂಬೆ. ಮಳೆ ಹಿಡಿದ ದಿನಗಳಲ್ಲಿ, ವಾರದ ಕೊನೆಗೆ, ಈ ದಾರಿಗಳಲ್ಲಿ ನಗರದ ಕಾರುಗಳೂ ಬೈಕುಗಳೂ ಸಾಲುಗಟ್ಟುತ್ತವೆ. ಅವುಗಳಲ್ಲಿ ಅನೇಕವು ಇಬ್ಬರನ್ನು ಮಾತ್ರ ಹೊತ್ತಿರುತ್ತವೆ. ತಲುಪಬೇಕಾದ ಊರಿಗಿಂತ ತಲುಪುವ ಬಗೆಯೇ ಇವರಿಗೆ ಮುಖ್ಯ. ತಿರುವಿನಲ್ಲಿ ನಿಲ್ಲಿಸಿ ಮಂಜು ಸರಿಯುವವರೆಗೆ ಕಾಯುವುದು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವುದು, ಸಂಜೆಗೆ ಎಲ್ಲಿ ಉಳಿಯಬೇಕೆಂಬುದನ್ನು ಸಂಜೆಯೇ ನಿರ್ಧರಿಸುವುದು ಇತ್ಯಾದಿ. ದಂಪತಿಗಳು ಸಾವಕಾಶವಾಗಿ ಬೆಟ್ಟದ ಊರುಗಳನ್ನು ಸುತ್ತುವ ಈ ಬಗೆಯ ಪ್ರಯಾಣವು ಇಂದು ನಮ್ಮ ಸಾಮಾಜಿಕ ಜೀವನದ ಸಾಮಾನ್ಯ ಸಂಗತಿಯಾಗಿದೆ.

ಆದರೆ ಈ ಸಾಮಾನ್ಯ ಸಂಗತಿಗೆ ಕನ್ನಡ ಸಾಹಿತ್ಯದಲ್ಲಿ ಎಂತಹ ಪೂರ್ವಪರಂಪರೆಯಿದೆ? ಪ್ರವಾಸ ಸಾಹಿತ್ಯದ ಕುರಿತು ನಡೆದಿರುವ ನಮ್ಮ ಚರ್ಚೆಯು ಬಹುಮಟ್ಟಿಗೆ ಎರಡು ನೆಲೆಗಳಲ್ಲಿ ಸಾಗಿದೆ. ಪ್ರವಾಸಿಯು ಕಂಡ ನಾಡಿನ ಮಾಹಿತಿ ಎಷ್ಟು ವಿಶ್ವಾಸಾರ್ಹ ಎಂಬುದು ಒಂದು. ಕಂಡದ್ದು ಅವನ ವ್ಯಕ್ತಿತ್ವದಲ್ಲಿ ಹೇಗೆ ಪಾಕಗೊಂಡಿದೆ ಎಂಬುದು ಇನ್ನೊಂದು. ಎರಡೂ ಅಗತ್ಯವಾದ ಪ್ರಶ್ನೆಗಳೇ. ಆದರೆ ಎರಡರಲ್ಲಿಯೂ ಪ್ರವಾಸಿಯೆಂದರೆ ಒಬ್ಬನೇ ವ್ಯಕ್ತಿ ಎಂಬ ಗ್ರಹಿಕೆ ಅಡಗಿದೆ. ಜೊತೆಗಿದ್ದವರು ಏನು ಕಂಡರು, ಅವರ ಕಾಣ್ಕೆಗೂ ಬರೆದವನ ಕಾಣ್ಕೆಗೂ ಇದ್ದ ಅಂತರವೇನು ಎಂಬುದನ್ನು ನಾವು ಕೇಳಿದ್ದು ಕಡಿಮೆ. ಪ್ರಸ್ತುತ ಪ್ರಬಂಧವು ಈ ಪ್ರಶ್ನೆಯನ್ನು ಘಟ್ಟದ ದಾರಿಗೆ ಸಂಬಂಧಿಸಿದ ಕೆಲವು ಕೃತಿಗಳ ಹಿನ್ನೆಲೆಯಲ್ಲಿ ಎತ್ತಲು ಯತ್ನಿಸುತ್ತದೆ. ಇವುಗಳಲ್ಲಿ ಕೆಲವು ಪ್ರವಾಸ ಕಥನಗಳು, ಕೆಲವು ಕಾದಂಬರಿಗಳು, ಒಂದೆರಡು ಚಲನಚಿತ್ರಗಳು. ಪ್ರಕಾರಗಳು ಬೇರೆಯಾದರೂ ಇವು ನಡೆಯುವ ದಾರಿ ಒಂದೇ ಆದ್ದರಿಂದ ಒಟ್ಟಿಗೆ ಓದುವುದು ಉಚಿತವೆಂದು ಭಾವಿಸಿದ್ದೇನೆ.

ಈ ಓದಿಗೆ ಬೇಕಾದ ಒಂದು ಸಲಕರಣೆಯನ್ನು ಕರಾವಳಿಯ ನುಡಿಯೇ ಒದಗಿಸುತ್ತದೆ. ತುಳುವಿನಲ್ಲಿ ಉತ್ತಮ ಪುರುಷ ಬಹುವಚನಕ್ಕೆ ಎರಡು ರೂಪಗಳಿವೆ. ಮಾತನ್ನು ಕೇಳುತ್ತಿರುವವರನ್ನೂ ಸೇರಿಸಿಕೊಂಡು ಹೇಳಿದರೆ ‘ನಮ’. ಅವರನ್ನು ಹೊರಗಿಟ್ಟು ಹೇಳಿದರೆ ‘ಎಂಕುಲು’. ಗಂಡ ಹೆಂಡತಿಗೆ “ಬಲೆ, ನಮ ಪೋಯಿ” ಎನ್ನಬಹುದು. ಅದೇ ಪ್ರಯಾಣದ ವಿಷಯವನ್ನು ನೆರೆಮನೆಯವರಿಗೆ ಹೇಳುವಾಗ, ಅವರು ಜೊತೆಗೆ ಬರುವವರಲ್ಲವಾದ್ದರಿಂದ, ಅವನು ‘ಎಂಕುಲು’ ಎನ್ನಲೇಬೇಕು. ಮಲಯಾಳದಲ್ಲಿಯೂ ಈ ಭೇದವುಂಟು. ಪುತ್ತೂರು, ಸುಳ್ಯ, ಕಾಸರಗೋಡುಗಳ ಹವ್ಯಕ ಕನ್ನಡವು ‘ಎಂಗೊ’ ಮತ್ತು ‘ನಾವು’ ಎಂಬ ರೂಪಗಳಲ್ಲಿ ಇದನ್ನು ಉಳಿಸಿಕೊಂಡಿದೆ. ಶಿಷ್ಟ ಕನ್ನಡದ ಬರಹದಲ್ಲಿ ಮಾತ್ರ ‘ನಾವು’ ಎಂಬ ಒಂದೇ ಪದವು ಎರಡನ್ನೂ ಹೊರಬೇಕು. ಮಂಗಳೂರಿನ ಓದುಗನಿಗೆ ಪ್ರವಾಸ ಕಥನದಲ್ಲಿ ‘ನಾವು’ ಎಂಬ ಮಾತು ಎದುರಾದಾಗಲೆಲ್ಲ ಒಂದು ಸಂಶಯ ಸಹಜವಾಗಿ ಏಳುತ್ತದೆ: ಇದು ‘ನಮ’ವೋ ‘ಎಂಕುಲು’ವೋ?

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಎದುರಿಗೆ ಕೇಳುವವರಿಲ್ಲದೆ ‘ನಮ’ ಎನ್ನುವುದು ಸಾಧ್ಯವಿಲ್ಲ. ಹಾಗಾಗಿ ಪ್ರವಾಸಿಯು ಓದುಗನ ಕಡೆಗೆ ತಿರುಗಿ ‘ನಾವು ಹೋದೆವು’ ಎಂದು ಬರೆಯತೊಡಗಿದೊಡನೆ ಸಹಯಾತ್ರಿಯು ಮಾತಿನ ಪಾಲುದಾರನ ಸ್ಥಾನದಿಂದ ವರ್ಣನೆಯ ವಸ್ತುವಿನ ಸ್ಥಾನಕ್ಕೆ ಇಳಿಯುತ್ತಾನೆ ಅಥವಾ ಇಳಿಯುತ್ತಾಳೆ. ಅವಳನ್ನು ಕಥನದೊಳಗೆ ಮತ್ತೆ ಪಾಲುದಾರಳನ್ನಾಗಿ ಮಾಡಬೇಕಾದರೆ ಅವಳ ಮಾತು, ಪ್ರಶ್ನೆ, ಭಿನ್ನಾಭಿಪ್ರಾಯ ಅಲ್ಲಿ ಕೇಳಿಸಬೇಕು. ಇಬ್ಬರ ಪ್ರಯಾಣವು ನಿಜವಾಗಿಯೂ ಇಬ್ಬರದಾಗಿತ್ತೇ ಎಂಬುದನ್ನು ಪರೀಕ್ಷಿಸಲು ಇದಕ್ಕಿಂತ ಸರಳವಾದ ಮಾನದಂಡ ನನಗೆ ತೋಚುವುದಿಲ್ಲ.

2

ಘಟ್ಟದ ದಾರಿಯನ್ನು ಸೌಂದರ್ಯದ ದಾರಿಯೆಂದು ಕಾಣುವುದು ಕರಾವಳಿಯ ಹಳೆಯ ಅನುಭವವಲ್ಲ. ಸುಳ್ಯದ ಕಡೆಯಿಂದ 1837ರಲ್ಲಿ ಬಂಡೆದ್ದು ಮಂಗಳೂರಿಗೆ ಇಳಿದ ದಂಡಿಗೆ ಅದು ಹೋರಾಟದ ದಾರಿ. ಕೂಲಿಯವರಿಗೆ ಅದು ಹೊಟ್ಟೆಪಾಡಿನ ದಾರಿ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ (1933) ಚೋಮನ ಮಕ್ಕಳು ಕಾಫಿ ತೋಟಕ್ಕೆ ಹೋಗುವುದು ಸಾಲ ತೀರಿಸಲು. ಹಿರಿಯ ಮಗ ಚನಿಯ ಜ್ವರ ಹಿಡಿದು ಸಾಯುತ್ತಾನೆ. ಗುರುವ ಮನೆಗೆ ಮರಳದೆ ಬೇರೆಯೇ ಬದುಕನ್ನು ಕಟ್ಟಿಕೊಳ್ಳುತ್ತಾನೆ. ಕೊನೆಗೆ ಬೆಳ್ಳಿಯೂ ಅದೇ ತೋಟದ ದಾರಿ ಹಿಡಿಯಬೇಕಾಗುತ್ತದೆ. ಚೋಮನ ಮನೆಯ ಮಟ್ಟಿಗೆ ತೋಟದ ದಾರಿಯು ಮನುಷ್ಯರನ್ನು ಕರೆದುಕೊಂಡು ಹೋಗುವ, ಹೋದ ಹಾಗೆಯೇ ಅವರನ್ನು ಹಿಂದಿರುಗಿಸದ ದಾರಿ. ಹಸಿರನ್ನು ನೋಡುತ್ತ ನಿಲ್ಲುವ ಬಿಡುವು ಅಲ್ಲಿ ಯಾರಿಗೂ ಇಲ್ಲ. ಇಂದು ಕಾಫಿ ತೋಟದ ನಡುವಿನ ತಂಗುಮನೆಯ ಜಗಲಿಯಲ್ಲಿ ಕುಳಿತು ಕಣಿವೆಯನ್ನು ನೋಡುವ ಕರಾವಳಿಯ ದಂಪತಿಗಳು ತಿಳಿದೋ ತಿಳಿಯದೆಯೋ ಚೋಮನ ಮಕ್ಕಳು ದುಡಿದಂತಹ ತೋಟವನ್ನೇ ನೋಡುತ್ತಿರುತ್ತಾರೆ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಕಾಡಿನ ದಾರಿಯಲ್ಲಿ ಜೋಡಿಗಳು ನಡೆಯುತ್ತಲೇ ಇರುತ್ತವೆ. ನಾಯಿಗುತ್ತಿಯು ತಿಮ್ಮಿಯನ್ನು ಕರೆದುಕೊಂಡು ಹೊರಡುವುದು, ಚಿನ್ನಮ್ಮ ಮದುವೆಯ ಮನೆಯಿಂದ ತಪ್ಪಿಸಿಕೊಂಡು ಹುಲಿಕಲ್ಲು ನೆತ್ತಿಯ ಕಡೆಗೆ ನಡೆಯುವುದು, ಆಕೆಗೂ ಮುಕುಂದಯ್ಯನಿಗೂ ನೆರವಾಗುವ ಐತ, ಪೀಂಚಲು ಎಂಬ ಆಳುದಂಪತಿಗಳು, ಇವೆಲ್ಲ ಕಾದಂಬರಿಯ ಓದುಗರಿಗೆ ಪರಿಚಿತ. ಐತ ಮತ್ತು ಪೀಂಚಲು ಘಟ್ಟದ ಕೆಳಗಿನಿಂದ ದುಡಿಯಲು ಬಂದವರು ಎಂಬುದು ನಮ್ಮ ಚರ್ಚೆಗೆ ವಿಶೇಷವಾಗಿ ಪ್ರಸ್ತುತ. ಚೋಮನ ಮಕ್ಕಳು ನಡೆದ ಬಗೆಯ ದಾರಿಯಲ್ಲೇ ಬಂದ ಇವರನ್ನು ಕುವೆಂಪು ದುಡಿಮೆಯ ಪ್ರಾಣಿಗಳನ್ನಾಗಿ ಮಾತ್ರ ಕಾಣುವುದಿಲ್ಲ. ಅವರ ನಡುವೆ ಸಲಿಗೆಯಿದೆ, ಪರಸ್ಪರರನ್ನು ಕೆಣಕುವ ಸಂತೋಷವಿದೆ, ಕಾಡಿನಲ್ಲಿ ಇಬ್ಬರೇ ಇರುವುದರ ಸುಖವಿದೆ.

ಈ ಜೋಡಿಗಳ ನಡಿಗೆಯಲ್ಲಿ ಬಿಡುವು ಇಲ್ಲ. ತಿಮ್ಮಿಯ ಮತ್ತು ಚಿನ್ನಮ್ಮನ ನಡಿಗೆಯಂತೂ ಪಲಾಯನವೇ. ಆದರೂ ನಾವು ‘ವಿರಾಮ’ ಎಂದು ಕರೆಯುವುದರ ಒಂದು ಮುಖ್ಯ ಗುಣ ಇಲ್ಲಿ ಕಾಣಿಸುತ್ತದೆ. ಕನ್ನಡದಲ್ಲಿ ‘ಸಾವಧಾನ’ ಎಂಬ ಶಬ್ದವು ಬಳಕೆಯಲ್ಲಿ ‘ನಿಧಾನ’ ಎಂಬ ಅರ್ಥವನ್ನು ಪಡೆದಿದೆ. ಅದರ ಮೂಲಾರ್ಥ ‘ಅವಧಾನದಿಂದ ಕೂಡಿದ್ದು’ ಎಂದು. ನಿಧಾನವಾಗಿ ಹೋಗುವುದೆಂದರೆ ಲಕ್ಷ್ಯಕೊಟ್ಟು ಹೋಗುವುದು ಎಂಬ ತಿಳಿವಳಿಕೆ ಈ ಅರ್ಥಪಲ್ಲಟದ ಹಿಂದಿದೆ. ಕುವೆಂಪು ಅವರ ಜೋಡಿಗಳಿಗೆ ನಿಧಾನವಾಗಿ ಹೋಗುವ ಅನುಕೂಲವಿಲ್ಲದಿದ್ದರೂ ಅವಧಾನವಿದೆ. ಸಂಗಾತಿಯ ಹೆಜ್ಜೆಯ ಸದ್ದು, ಅವಳ ಭಯ, ನಾಯಿ ಹುಲಿಯನ ಚಲನೆ, ಕತ್ತಲಿನ ಒಂದೊಂದು ಬದಲಾವಣೆ ಎಲ್ಲವೂ ಅವರ ಗಮನದಲ್ಲಿರುತ್ತವೆ. ಅನುಕೂಲವಿರುವ ಇಂದಿನ ಪ್ರವಾಸಿಗೆ ಈ ಅವಧಾನ ಉಳಿದಿದೆಯೇ ಎಂಬುದು ಮುಂದಿನ ಪ್ರಶ್ನೆ.

3

‘ಚೋಮನ ದುಡಿ’ ಬಂದ 1933ರಲ್ಲಿಯೇ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಪ್ರಕಟವಾಯಿತು. ಘಟ್ಟದ ಎರಡು ಬದಿಗಳಿಂದ ಬಂದ ಈ ಎರಡು ಕೃತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನೋಟದ ಅಂತರ ಸ್ಪಷ್ಟವಾಗುತ್ತದೆ. ‘ಮಲೆನಾಡಿನ ಚಿತ್ರಗಳು’ ಮಲೆನಾಡಿನವನೊಬ್ಬ ತನ್ನ ನಾಡನ್ನು ಹೊರಗಿನ ಓದುಗರಿಗೆ ತೋರಿಸುವ ಕೃತಿ. ಇಲ್ಲಿನ ‘ನಾವು’ ಬಹುಮಟ್ಟಿಗೆ ಮಲೆನಾಡಿನವರ ‘ಎಂಕುಲು’ ಆಗಿದೆ. ಆದರೆ ಓದುಗನನ್ನು ಆತ್ಮೀಯವಾಗಿ ಹತ್ತಿರಕ್ಕೆ ಕರೆಯುವ ಧಾಟಿಯಿಂದಾಗಿ ಅದು ನಡುನಡುವೆ ‘ನಮ’ ಆಗಲು ಹವಣಿಸುತ್ತದೆ. ಈ ಕರೆಯೇ ಮುಂದಿನ ಕನ್ನಡ ಓದುಗರಲ್ಲಿ ಮಲೆನಾಡನ್ನು ನೋಡಬೇಕೆಂಬ ಆಸೆಯನ್ನು ಬಿತ್ತಿತು ಎಂದರೆ ತಪ್ಪಾಗಲಾರದು.

ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಕೃತಿ. ಸಸ್ಯಶಾಸ್ತ್ರದ ಅಧ್ಯಾಪಕರು ವಿದ್ಯಾರ್ಥಿಗಳೊಡನೆ ಕಾಡು ಸುತ್ತುವ ಈ ಕಥನದಲ್ಲಿ ಜೊತೆಗಾರರ ಮಾತು ಧಾರಾಳವಾಗಿ ಕೇಳಿಸುತ್ತದೆ. ವಿದ್ಯಾರ್ಥಿಗಳು ಪ್ರಶ್ನೆ ಕೇಳುತ್ತಾರೆ, ಕೀಟಲೆ ಮಾಡುತ್ತಾರೆ, ತಪ್ಪು ಹೇಳುತ್ತಾರೆ. ಅವಧಾನವೇ ಈ ಪ್ರಯಾಣದ ಉದ್ದೇಶವಾದ್ದರಿಂದ ಇಲ್ಲಿ ನಿಧಾನವೂ ತಾನಾಗಿ ಒದಗಿದೆ. ಒಂದು ಗಿಡದ ಮುಂದೆ ಬೇಕಾದಷ್ಟು ಹೊತ್ತು ನಿಲ್ಲಬಹುದು. ಕನ್ನಡ ಪ್ರವಾಸ ಕಥನದಲ್ಲಿ ‘ನಮ’ದ ಗುಣ ಸಮೃದ್ಧವಾಗಿರುವ ಕೃತಿ ಇದು. ಆದರೆ ಇದು ಗುರುಶಿಷ್ಯರ ‘ನಮ’. ಜ್ಞಾನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುತ್ತದೆಂಬ ಒಪ್ಪಂದ ಮೊದಲೇ ಆಗಿದೆ. ದಾಂಪತ್ಯದಲ್ಲಿ ಅಂತಹ ಒಪ್ಪಂದವಿರಲಾರದು. ಇದ್ದರೆ ಅದು ದಾಂಪತ್ಯದ ಸಮಸ್ಯೆಯೇ ಹೊರತು ಅದರ ಗುಣವಲ್ಲ.

ಚಾರ್ಮಾಡಿಯನ್ನು ಹತ್ತಿ ಕೊಟ್ಟಿಗೆಹಾರವನ್ನು ದಾಟಿದರೆ ಪೂರ್ಣಚಂದ್ರ ತೇಜಸ್ವಿಯವರ ಮೂಡಿಗೆರೆ. ‘ಪರಿಸರದ ಕತೆ’ಯಲ್ಲಿ ತೇಜಸ್ವಿಯವರ ಒಡನಾಡಿಗಳಾಗಿ ಕಿವಿ ಎಂಬ ನಾಯಿ, ಮಾರ, ಪ್ಯಾರ ಮುಂತಾದವರು ನಮ್ಮ ನೆನಪಿನಲ್ಲಿ ಉಳಿಯುತ್ತಾರೆ. ಅದೇ ತೋಟದಲ್ಲಿ ಅವರೊಡನೆ ಬದುಕಿದ ರಾಜೇಶ್ವರಿ ತೇಜಸ್ವಿಯವರು ಆ ಕಥನದ ಅಂಚಿನಲ್ಲಿರುತ್ತಾರೆ. ಇದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಬೇಟೆ, ಮೀನು, ಹಕ್ಕಿಗಳ ಲೋಕವನ್ನು ಅದರ ಪಾಡಿಗೆ ಬಿಟ್ಟು ನೋಡುವ ಆ ಬರಹದ ಶಿಸ್ತು ಬೇರೆ. ಆದರೆ 2007ರಲ್ಲಿ ತೇಜಸ್ವಿಯವರು ತೀರಿಕೊಂಡ ಬಳಿಕ ರಾಜೇಶ್ವರಿಯವರು ಬರೆದ ‘ನನ್ನ ತೇಜಸ್ವಿ’ಯನ್ನು ಓದಿದ ಮೇಲೆ ಮೊದಲಿನ ಕೃತಿಯನ್ನು ಮೊದಲಿನಂತೆಯೇ ಓದುವುದು ಕಷ್ಟ. ಅದೇ ಮನೆ, ಅದೇ ಮಳೆ, ಅದೇ ಗುಡ್ಡಗಳು ಇನ್ನೊಂದು ಜೊತೆ ಕಣ್ಣುಗಳಿಗೆ ಬೇರೆಯಾಗಿ ಕಂಡಿದ್ದವು ಎಂಬ ಅರಿವು ನಮ್ಮೊಳಗೆ ಕೆಲಸಮಾಡತೊಡಗುತ್ತದೆ. ಶೀರ್ಷಿಕೆಯ ‘ನನ್ನ’ ಎಂಬ ಪದವನ್ನು ಪ್ರೀತಿಯ ಮಾತೆಂದು ಮಾತ್ರ ಓದಿದರೆ ಸಾಲದು. ನಾಡಿನ ಲೇಖಕರಾಗಿ ಎಲ್ಲರ ಪಾಲಾಗಿದ್ದ ವ್ಯಕ್ತಿಯ ಕುರಿತು ತನಗೂ ಒಂದು ನೋಟವಿದೆ ಎಂಬ ಹಕ್ಕಿನ ದನಿಯೂ ಅದರಲ್ಲಿದೆ. ಎರಡು ಕೃತಿಗಳು ಕೂಡಿದಾಗ ಒಂದು ದಾಂಪತ್ಯದ ‘ನಾವು’ ಪೂರ್ಣವಾಗುತ್ತದೆ. ಆದರೆ ಹಾಗೆ ಕೂಡಿಸುವ ಕೆಲಸ ಓದುಗನ ಪಾಲಿಗೆ ಬಂದಿದೆ. ಒಂದೇ ಕೃತಿಯೊಳಗೆ ಎರಡೂ ಕಣ್ಣುಗಳು ತೆರೆದಿರುವ ಉದಾಹರಣೆಗಳು ನಮ್ಮಲ್ಲಿ ಅಪರೂಪ.

4

ಅಂತಹ ಅಪರೂಪದ ಉದಾಹರಣೆಯೊಂದು ಪ್ರವಾಸ ಸಾಹಿತ್ಯದ ಹೊರಗೆ, ಕಾರಂತರ ‘ಬೆಟ್ಟದ ಜೀವ’ (1943) ಕಾದಂಬರಿಯಲ್ಲಿ ದೊರೆಯುತ್ತದೆ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ನಿರೂಪಕನು ದೇರಣ್ಣ, ಬಟ್ಯರ ನೆರವಿನಿಂದ ಕೆಳಬೈಲಿನ ಗೋಪಾಲಯ್ಯನವರ ಮನೆಯನ್ನು ಸೇರುತ್ತಾನೆ. ಒಂದು ರಾತ್ರಿಗೆಂದು ಬಂದವನು ಹಲವು ದಿನ ಉಳಿಯುತ್ತಾನೆ. ಗೋಪಾಲಯ್ಯ ಕಾಡು ಕಡಿದು ತೋಟ ಮಾಡಿದ ಮುದುಕ. ಬೆಟ್ಟದ ಮೇಲೆ ತೀರದ ಪ್ರೀತಿಯುಳ್ಳವರು. ಅವರ ಪತ್ನಿ ಶಂಕರಮ್ಮ. ಮನೆಬಿಟ್ಟು ಹೋದ ಮಗ ಶಂಭು ಇಂದಲ್ಲ ನಾಳೆ ಬಂದಾನೆಂದು ಇಬ್ಬರೂ ಕಾಯುತ್ತಿದ್ದಾರೆ.

ಈ ಕಾದಂಬರಿಯನ್ನು ಮನುಷ್ಯ ಮತ್ತು ನಿಸರ್ಗದ ಸಂಬಂಧದ ಕಥನವಾಗಿ, ಕೃಷಿಸಾಹಸದ ಕಥನವಾಗಿ ನಮ್ಮ ವಿಮರ್ಶೆ ಸಾಕಷ್ಟು ಓದಿದೆ. ದಂಪತಿಗಳು ಬೆಟ್ಟದ ಊರುಗಳಿಗೆ ಹೋಗುವ ಕಥನಗಳ ಎದುರಿಗೆ ಇದನ್ನಿಟ್ಟರೆ ಇನ್ನೊಂದು ಮುಖ ಕಾಣಿಸುತ್ತದೆ. ಇಲ್ಲಿ ಪ್ರವಾಸಿ ಒಬ್ಬಂಟಿ, ದಂಪತಿಗಳು ಬೆಟ್ಟದಲ್ಲಿ ನೆಲೆಸಿದವರು. ಅಂದರೆ ನಾವು ರೂಢಿಯಲ್ಲಿ ಕಾಣುವ ಚಿತ್ರವು ಇಲ್ಲಿ ತಿರುವುಮುರುವಾಗಿದೆ. ನೋಡಲು ಬಂದವನನ್ನು ಮನೆಯವರೇ ನೋಡುತ್ತಾರೆ, ಅವನನ್ನು ವಿಚಾರಿಸುತ್ತಾರೆ, ಊಟಕ್ಕೆ ಒತ್ತಾಯಿಸುತ್ತಾರೆ, ಹೊರಡುವುದನ್ನು ಮುಂದಕ್ಕೆ ಹಾಕಿಸುತ್ತಾರೆ. ಬೆಟ್ಟವನ್ನು ತೋರಿಸುವ ಗೋಪಾಲಯ್ಯನವರ ಉತ್ಸಾಹದಲ್ಲಿ ಪ್ರವಾಸಿ ಮಾರ್ಗದರ್ಶಕನ ಲೆಕ್ಕಾಚಾರವಿಲ್ಲ. ತನ್ನ ಬಾಳನ್ನೇ ಇನ್ನೊಬ್ಬನ ಕಣ್ಣಿನಿಂದ ಮತ್ತೊಮ್ಮೆ ನೋಡುವ ಆಸೆ ಅದರಲ್ಲಿದೆ. ಕುಮಾರಪರ್ವತದ ದೃಶ್ಯಕ್ಕೂ ಮಗನ ಅಗಲಿಕೆಗೂ ಒಂದೇ ಮಾತಿನಲ್ಲಿ ಜಾಗ ಸಿಗುವುದು ಈ ಕಾರಣದಿಂದ.

ಶಂಕರಮ್ಮನವರ ಸ್ಥಾನವನ್ನು ವಿಶೇಷವಾಗಿ ಗಮನಿಸಬೇಕು. ಮೇಲುನೋಟಕ್ಕೆ ಆಕೆ ಅಡುಗೆಮನೆಯ ಗೃಹಿಣಿ, ಬೆಟ್ಟ ಸುತ್ತುವವರು ಗಂಡಸರು. ಆದರೆ ಗೋಪಾಲಯ್ಯನವರ ಮಾತು ಪದೇಪದೇ ಆಕೆಯ ಕಡೆಗೆ ತಿರುಗುತ್ತದೆ. ಹೆಂಡತಿಯನ್ನು ಹಾಸ್ಯ ಮಾಡದೆ, ಆಕೆಯಿಂದ ಮರುಮಾತನ್ನು ಹೇಳಿಸಿಕೊಳ್ಳದೆ ಅವರ ದಿನ ಸಾಗುವುದಿಲ್ಲ. ಗಂಡ ನಗೆಮಾತಿನಲ್ಲಿ ಮುಚ್ಚಿಟ್ಟ ದುಃಖವನ್ನು ಹೆಂಡತಿ ಬಿಚ್ಚಿ ಹೇಳುತ್ತಾಳೆ. ಹೆಂಡತಿಯ ಕಣ್ಣೀರನ್ನು ಗಂಡ ಬೆಟ್ಟದ ಕತೆಯಿಂದ ಮರೆಸಲೆಳಸುತ್ತಾನೆ. ಅತಿಥಿಗೆ ಎರಡೂ ಕೇಳಿಸುತ್ತವೆ. ಒಂದೇ ಬೆಟ್ಟವು ಗಂಡನಿಗೆ ಸಾಧನೆಯಾಗಿ, ಹೆಂಡತಿಗೆ ಮಗನು ಬಿಟ್ಟುಹೋದ ಒಂಟಿತನವಾಗಿ ಕಾಣುವುದನ್ನು ಕಾರಂತರು ವ್ಯಾಖ್ಯಾನವಿಲ್ಲದೆ ತೋರಿಸುತ್ತಾರೆ. ಇಬ್ಬರ ನೋಟ ಬೇರೆಬೇರೆಯಾಗಿದ್ದೂ ‘ನಾವು’ ಒಡೆಯದಿರುವುದೇ ಇಲ್ಲಿನ ದಾಂಪತ್ಯದ ಬಲ.

ಈ ಸಂಭಾಷಣೆಗಳನ್ನು ಕಾರಂತರು ಕನ್ನಡದಲ್ಲಿ ಬರೆದಿದ್ದಾರೆ. ಸುಳ್ಯ, ಪುತ್ತೂರುಗಳ ಆಡುನುಡಿಯನ್ನು ಬಲ್ಲ ಓದುಗನಿಗೆ ಮಾತ್ರ ಅವುಗಳ ‘ನಾವು’ ಒಂದೇ ಬಗೆಯಾಗಿ ಕೇಳಿಸುವುದಿಲ್ಲ. ಮೊದಲ ದಿನ ಅತಿಥಿಯ ಎದುರಿಗೆ ಮನೆಯವರು ತಮ್ಮ ಕುರಿತು ಹೇಳುವ ‘ನಾವು’ ಅವನನ್ನು ಹೊರಗಿಟ್ಟದ್ದು. ದಿನ ಕಳೆದಂತೆ, ಅವನು ಕಾಟುಮೂಲೆಗೆ ಹೋಗಿ ನಾರಾಯಣ, ಲಕ್ಷ್ಮಿಯರ ಸಂಸಾರವನ್ನು ಕಂಡ ಬಳಿಕ, ಶಂಭುವಿನ ವಿಷಯದಲ್ಲಿ ಅವನೂ ಚಿಂತೆ ಹಚ್ಚಿಕೊಂಡ ಬಳಿಕ, ಆ ‘ನಾವು’ ಮೆಲ್ಲನೆ ಅವನನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಕೊನೆಗೆ ಅವನು ಹೊರಡುವುದು ನೋಡಿ ಮುಗಿಸಿದವನಂತಲ್ಲ. ಆ ಮನೆಯ ಒಂದು ಹೊಣೆಯನ್ನು ಹೊತ್ತವನಾಗಿ. ‘ಎಂಕುಲು’ವಿನಿಂದ ‘ನಮ’ದವರೆಗಿನ ಈ ಚಲನೆಯೇ ಕಾದಂಬರಿಯ ಒಳಗಿನ ಪ್ರಯಾಣ. ಕನ್ನಡದಲ್ಲಿ ಬೆಟ್ಟದ ಪ್ರವಾಸದ ಕುರಿತು ಬಂದ ಅತ್ಯುತ್ತಮ ಕೃತಿ ಯಾವುದೆಂದು ಕೇಳಿದರೆ, ಪ್ರವಾಸ ಸಾಹಿತ್ಯದ ಪಟ್ಟಿಯಲ್ಲಿಲ್ಲದ ಈ ಕಾದಂಬರಿಯನ್ನು ಹೆಸರಿಸಲು ನಾನು ಹಿಂಜರಿಯುವುದಿಲ್ಲ.

5

ಬೆಟ್ಟ ಮತ್ತು ದಂಪತಿಗಳನ್ನು ಜೋಡಿಸಿ ಜನಮಾನಸದಲ್ಲಿ ನೆಲೆಗೊಳಿಸಿದ್ದು ಮುಖ್ಯವಾಗಿ ಚಲನಚಿತ್ರ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ಶರಪಂಜರ’ (1971) ಇದಕ್ಕೆ ಒಳ್ಳೆಯ ನಿದರ್ಶನ. ಕಾವೇರಿ ಮತ್ತು ಸತೀಶರ ದಾಂಪತ್ಯದ ಸಂತೋಷವನ್ನು ಚಿತ್ರವು ಕೊಡಗಿನ ಚೆಲುವಿನೊಡನೆ ಬೆಸೆಯುತ್ತದೆ. ನಾಯಕಿಯ ಹೆಸರೇ ಕೊಡಗಿನ ನದಿಯ ಹೆಸರು. ಆದರೆ ಅದೇ ಕಾವೇರಿ ಹೆರಿಗೆಯ ಬಳಿಕ ಮಾನಸಿಕ ಅಸ್ವಸ್ಥತೆಗೆ ಒಳಗಾಗಿ, ಗುಣವಾಗಿ ಮನೆಗೆ ಮರಳಿದಾಗ ಗಂಡನ ‘ನಾವು’ವಿನಲ್ಲಿ ಆಕೆಗೆ ಜಾಗ ಉಳಿದಿರುವುದಿಲ್ಲ. ಗುಡ್ಡದ ನಡುವೆ ಒಟ್ಟಿಗೆ ನೋಡಿದ ಚೆಲುವು ಕಷ್ಟದ ಕಾಲಕ್ಕೆ ಒದಗುವ ಬಂಧವಾಗಿ ಬೆಳೆದಿರಲಿಲ್ಲ ಎಂಬುದನ್ನು ಚಿತ್ರ ಕಠೋರವಾಗಿ ಹೇಳುತ್ತದೆ. ಸುಂದರ ಹಿನ್ನೆಲೆಯಲ್ಲಿ ಇಬ್ಬರು ಇದ್ದ ಮಾತ್ರಕ್ಕೆ ಅದು ಇಬ್ಬರ ಪ್ರಯಾಣವಾಗದು ಎಂಬ ನಮ್ಮ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಯೋಗರಾಜ ಭಟ್ಟರ ‘ಮುಂಗಾರು ಮಳೆ’ (2006) ಮಡಿಕೇರಿ, ಸಕಲೇಶಪುರ, ಜೋಗಗಳ ಮಳೆಯನ್ನು ಹೊಸ ತಲೆಮಾರಿನ ಪ್ರೇಮದ ಭಾಷೆಯನ್ನಾಗಿ ಮಾಡಿತು. ಕಾಫಿ ತೋಟಗಳಲ್ಲಿ ಹೋಂಸ್ಟೇಗಳು ಹೆಚ್ಚುತ್ತಿದ್ದ ಕಾಲವೂ ಅದೇ. ಆ ಮಳೆ ಅಲ್ಲಿನವರಿಗೆ ಭತ್ತದ ಗದ್ದೆಯ ಮಳೆಯೂ ಹೌದು, ಗುಡ್ಡ ಜಾರಿಸುವ ಮಳೆಯೂ ಹೌದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮದೆನಾಡು, ಮಕ್ಕಂದೂರುಗಳ ಕಡೆ ಗುಡ್ಡಗಳು ಕುಸಿದು ಮನೆ, ತೋಟ, ಜೀವಗಳು ಹೋದವು. ಮಂಗಳೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿ ಕಡಿದುಹೋಯಿತು. ಮರುವರ್ಷ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಹಲವೆಡೆ ಗುಡ್ಡ ಜರಿದು ಸಂಚಾರ ನಿಂತಿತು. ದಾರಿ ತೆರೆದ ಮೇಲೆ ಅದೇ ತಿರುವುಗಳಲ್ಲಿ ನಿಂತು ಮಂಜನ್ನು ನೋಡುವವರು ಕೆಂಪು ಮಣ್ಣಿನ ಆ ಗೀರುಗಳನ್ನೂ ನೋಡುತ್ತಾರೆ. ಅವುಗಳನ್ನು ದೃಶ್ಯದ ಕೊರತೆಯೆಂದು ಕಾಣುವ ಕಥನಕ್ಕೂ, ಆ ಗೀರಿನ ಕೆಳಗೆ ಯಾರ ಮನೆಯಿತ್ತೆಂದು ಕೇಳುವ ಕಥನಕ್ಕೂ ಇರುವ ವ್ಯತ್ಯಾಸವೇ ‘ಎಂಕುಲು’ ಮತ್ತು ‘ನಮ’ಗಳ ವ್ಯತ್ಯಾಸ. ಹೀಗೆ ಈ ಸರ್ವನಾಮದ ಪ್ರಶ್ನೆಯು ದಂಪತಿಗಳಿಬ್ಬರ ನಡುವೆ ಮುಗಿಯದೆ, ಅವರು ಹಾದುಹೋಗುವ ಊರಿನವರವರೆಗೂ ಚಾಚುತ್ತದೆ.

6

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವನ್ನು ಎದುರಿಸಬೇಕು. ವಿರಾಮದ ಪ್ರವಾಸವೆಂಬುದು ಅನುಕೂಲಸ್ಥ ವರ್ಗದ ಭೋಗ. ಚೋಮನ ಮಕ್ಕಳ ದಾರಿಯನ್ನು ಮರೆತು ಅದನ್ನು ಸಾಹಿತ್ಯದ ವಸ್ತುವನ್ನಾಗಿ ಗಂಭೀರವಾಗಿ ಚರ್ಚಿಸುವುದೇಕೆ ಎಂದು ಕೇಳಬಹುದು. ಆಕ್ಷೇಪದಲ್ಲಿ ಸತ್ಯವಿದೆ. ಆದರೆ ವಿರಾಮವನ್ನು ಭೋಗವೆಂದು ತಳ್ಳಿಹಾಕಿದರೆ ಅದು ಯಾರಿಗೆ ಇದುವರೆಗೆ ನಿರಾಕರಿಸಲ್ಪಟ್ಟಿತ್ತು ಎಂಬ ಪ್ರಶ್ನೆಯೂ ಅದರೊಡನೆ ತಳ್ಳಿಹೋಗುತ್ತದೆ. ತವರಿಗೆ, ಹೆರಿಗೆಗೆ, ಹರಕೆಗೆ, ಮದುವೆಮುಂಜಿಗಳಿಗೆ ಹೊರತಾಗಿ, ಸುಮ್ಮನೆ ನೋಡುವುದಕ್ಕೆಂದು ಹೆಣ್ಣು ಮನೆಯಿಂದ ಹೊರಡುವುದು ನಮ್ಮ ಸಮಾಜದಲ್ಲಿ ಬಹುಕಾಲ ಅಪರೂಪದ ಸಂಗತಿಯಾಗಿತ್ತು. ಗಂಡನೊಡನೆ ಹೊರಟಾಗಲೂ ಬುತ್ತಿ, ಮಕ್ಕಳು, ಔಷಧಿಗಳ ಚಿಂತೆ ಅವಳ ಪಾಲಿಗೆ, ನೋಟ ಗಂಡನ ಪಾಲಿಗೆ ಎಂಬ ಅಲಿಖಿತ ಹಂಚಿಕೆಯಿರುತ್ತಿತ್ತು. ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ಯಂತಹ ಕೃತಿಗಳು ಕನ್ನಡದಲ್ಲಿ ಹೆಣ್ಣನ್ನು ಸ್ವತಂತ್ರ ಪ್ರವಾಸಿಯಾಗಿ ಸ್ಥಾಪಿಸಿದವು. ಅದು ದೊಡ್ಡ ಹೆಜ್ಜೆ. ಇಬ್ಬರು ಒಟ್ಟಿಗೆ ಹೋಗಿಯೂ ಅವಳ ನೋಟ ಉಳಿಯುವಂತೆ ಬರೆಯುವುದು ಅದರ ಮುಂದಿನ ಹೆಜ್ಜೆ. ಒಂದು ಅರ್ಥದಲ್ಲಿ ಹೆಚ್ಚು ಕಷ್ಟದ್ದು.

ಮಂಗಳೂರಿನಲ್ಲಿ ಈ ಪ್ರಶ್ನೆಗೆ ಇನ್ನೂ ಒಂದು ತೀಕ್ಷ್ಣತೆಯುಂಟು. 2009ರ ಜನವರಿ 24ರಂದು ನಗರದ ಪಬ್ಬೊಂದರಲ್ಲಿದ್ದ ಯುವತಿಯರ ಮೇಲೆ, 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇಯೊಂದರಲ್ಲಿ ಸೇರಿದ್ದ ಯುವಕ ಯುವತಿಯರ ಮೇಲೆ ದಾಳಿಗಳು ನಡೆದು ನಾಡಿನ ಗಮನವನ್ನು ಸೆಳೆದವು. ಗಂಡು ಹೆಣ್ಣು ಜೊತೆಯಾಗಿ ಕುಳಿತರೆ, ಜೊತೆಯಾಗಿ ಹೊರಟರೆ ‘ನೀವು ಪರಸ್ಪರ ಏನಾಗಬೇಕು’ ಎಂದು ಹೊರಗಿನವರು ಕೇಳಬಹುದೆಂಬ ಅಳುಕು ಈ ನಗರದ ತರುಣರಲ್ಲಿ ಉಳಿದಿದೆ. ಇಬ್ಬರ ‘ನಾವು’ವನ್ನು ಅವರಿಬ್ಬರ ಬದಲಿಗೆ ಮೂರನೆಯವರು ನಿರ್ಧರಿಸಲು ಹೊರಟಾಗ, ಘಟ್ಟದ ತಿರುವಿನಲ್ಲಿ ಇಬ್ಬರು ನಿರಾಳವಾಗಿ ನಿಂತು ಮಳೆ ನೋಡುವುದು ಸಣ್ಣ ಸಂಗತಿಯಾಗಿ ಉಳಿಯುವುದಿಲ್ಲ. ಪಲಾಯನ ಮಾಡಬೇಕಾಗಿದ್ದ ತಿಮ್ಮಿ, ಚಿನ್ನಮ್ಮರ ದಾರಿಯಲ್ಲಿ ಇಂದು ಅವರ ಮೊಮ್ಮಕ್ಕಳ ಮಕ್ಕಳು ನಿಧಾನವಾಗಿ ಹೋಗಬಲ್ಲರಾದರೆ ಅದನ್ನು ಗಳಿಕೆಯೆಂದೇ ತಿಳಿಯಬೇಕು. ಆ ನಿರಾಳತೆಯನ್ನು ಭೋಗವೆಂದು ಹಳಿಯುವ ಮುನ್ನ ಅದಕ್ಕೆ ತೆತ್ತ ಬೆಲೆಯನ್ನು ನೆನೆಯುವುದು ವಿಮರ್ಶೆಯ ಕರ್ತವ್ಯ.

ಹಾಗಾದರೆ ನಮಗೆ ಬೇಕಾದ ಪ್ರವಾಸ ಕಥನ ಯಾವ ಬಗೆಯದು? ಮೇಲಿನ ಓದಿನಿಂದ ಮೂರು ಅಪೇಕ್ಷೆಗಳನ್ನು ಹೇಳಬಹುದು. ಜೊತೆಗಾರ್ತಿ ಅಥವಾ ಜೊತೆಗಾರ ಅದರಲ್ಲಿ ಮಾತನಾಡಬೇಕು. ನಿಲ್ಲೋಣವೆಂದು ಒಬ್ಬರು, ಮುಂದೆ ಹೋಗೋಣವೆಂದು ಇನ್ನೊಬ್ಬರು ಹೇಳಿದ ಗಳಿಗೆಗಳು ಅಳಿಸಿಹೋಗಬಾರದು. ಎರಡನೆಯದಾಗಿ, ಬೆಟ್ಟದ ಊರಿನವರು ದೃಶ್ಯದ ಭಾಗವಾಗಿ ನಿಲ್ಲದೆ, ಗೋಪಾಲಯ್ಯ, ಶಂಕರಮ್ಮರಂತೆ, ಬಂದವರನ್ನು ತಿರುಗಿ ನೋಡಬೇಕು, ವಿಚಾರಿಸಬೇಕು. ಮೂರನೆಯದಾಗಿ, ದಾರಿಯ ನೆನಪು ಅದರಲ್ಲಿರಬೇಕು: ಇಂದು ಎರಡು ಮೂರು ಗಂಟೆಗಳಲ್ಲಿ ಹತ್ತುವ ಘಟ್ಟವನ್ನು ಸಾಲ ಹೊತ್ತವರು, ಪ್ರೀತಿಸಿ ಓಡಿದವರು ಯಾವ ಸ್ಥಿತಿಯಲ್ಲಿ ಹತ್ತಿದ್ದರೆಂಬ ಎಚ್ಚರ. ಈ ಮೂರೂ ಕೂಡಿದಾಗ ನಿಧಾನವು ಸಾವಧಾನವಾಗುತ್ತದೆ.

ಕನ್ನಡದ ‘ನಾವು’ ಎಂಬ ಪದದಲ್ಲಿ ಭೇದವಿಲ್ಲದಿರುವುದನ್ನು ಕೊರತೆಯೆಂದು ಕಾಣಬೇಕಾಗಿಲ್ಲ. ಒಳಗೆ ಯಾರಿದ್ದಾರೆ, ಹೊರಗೆ ಯಾರಿದ್ದಾರೆಂಬುದನ್ನು ತುಳುವಿನಲ್ಲಿ ವ್ಯಾಕರಣವೇ ನಿರ್ಧರಿಸಿಬಿಡುತ್ತದೆ. ಕನ್ನಡದಲ್ಲಿ ಅದನ್ನು ಬರೆಯುವವನು ಪ್ರತಿ ಸಲವೂ ತಾನೇ ನಿರ್ಧರಿಸಬೇಕು. ಅದರ ಹೊಣೆಯನ್ನೂ ಹೊರಬೇಕು. ಕೆಳಬೈಲಿನ ಮುದುಕ ದಂಪತಿಗಳು ದಾರಿ ತಪ್ಪಿ ಬಂದ ಅಪರಿಚಿತನೊಬ್ಬನನ್ನು ತಮ್ಮ ‘ನಾವು’ವಿನೊಳಗೆ ಸೇರಿಸಿಕೊಂಡ ಬಗೆ ಕಾರಂತರ ಕನ್ನಡದಲ್ಲಿಯೇ ನಮ್ಮ ಮುಂದಿದೆ. ಮಂಗಳೂರಿನಿಂದ ಘಟ್ಟ ಹತ್ತುವ ಇಬ್ಬರು ಮುಂದೊಂದು ದಿನ ತಮ್ಮ ಪ್ರಯಾಣವನ್ನು ಬರೆಯಲು ಕುಳಿತಾಗ ಆ ಮನೆಯ ಜಗಲಿಯನ್ನು ನೆನಪಿಸಿಕೊಂಡರೆ, ಕನ್ನಡ ಪ್ರವಾಸ ಸಾಹಿತ್ಯಕ್ಕೆ ಇದುವರೆಗೆ ಇಲ್ಲದಿದ್ದ ಒಂದು ದನಿ ಕೂಡಿಕೊಂಡೀತೆಂದು ತೋರುತ್ತದೆ.